ಚಂದ್ರನಿಗೊಂದು ತಿದ್ದುಪಡಿ

ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ, ಸೀಗೆಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗ, ಗೌರಿಹುಣ್ಣಿಮೆಗೆ ಹೆಣ್ಣುಮಕ್ಕಳ ಕೈಯಲ್ಲಿ ಸಕ್ಕರೆಯಾರತಿ, ಹೋಳಿಹುಣ್ಣಿಮೆಗೆ ಕಾಮದಹನ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಒಕ್ಕಲುಮಕ್ಕಳಿಗೆ ಚಂದ್ರನು ಬರಿಯ ಕವಿಸಮಯವಲ್ಲ. ಆಕಾಶದಲ್ಲಿ ತೂಗುಹಾಕಿದ ಪಂಚಾಂಗ. ಈ ಪಂಚಾಂಗದಲ್ಲಿ ತಿದ್ದತಕ್ಕ ತಪ್ಪೊಂದಿದೆಯೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ. ಅವನ ಮೈಮೇಲಿನ ಕಲೆಯನ್ನು ಸಹ ಅವರು ಮೊಲವೆಂದೋ ಜಿಂಕೆಯೆಂದೋ ಕರೆದು, ಮಕ್ಕಳಿಗೆ ತೋರಿಸಿ ಸುಮ್ಮನಾದರು. ಆದರೆ ಕಲೆ ಕಂಡಲ್ಲಿ ಸುಣ್ಣ, ದಿಣ್ಣೆ ಕಂಡಲ್ಲಿ ಗುದ್ದಲಿ ಎನ್ನುವ ಬುದ್ಧಿವಂತರಿಗೆ ಜಗತ್ತಿನಲ್ಲಿ ಕೊರತೆಯಿಲ್ಲ. ಅಂಥವರ ಕೆಲವು ಯೋಜನೆಗಳನ್ನು ಓದುಗರ ಮುಂದಿಡುವುದು ಈ ಭಾನುವಾರದ ವಿನೋದಕ್ಕಾದೀತು. ವಿನೋದದ ಕೊನೆಗೆ ಒಂದು ವಿಚಾರವೂ ದೊರೆತೀತು.

೧೯೯೧ರಲ್ಲಿ ಅಮೆರಿಕದ ಅಯೋವಾದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಅಲೆಕ್ಸಾಂಡರ್ ಅಬಿಯನ್ ಎಂಬವರು ಚಂದ್ರನನ್ನೇ ಸಿಡಿಸಿಬಿಡಬೇಕೆಂದು ಸಲಹೆ ಮಾಡಿದರು. ಚಂದ್ರನ ಸೆಳೆತ ತಪ್ಪಿದರೆ ಭೂಮಿಯ ಓಲಾಟ ನಿಂತು, ಬಿರುಬೇಸಗೆ, ಕಡುಚಳಿ, ಚಂಡಮಾರುತಗಳು ಅಳಿದು ಎಲ್ಲೆಡೆ ನಿತ್ಯವಸಂತ ನೆಲಸೀತೆಂಬುದು ಅವರ ಎಣಿಕೆ. ಖಗೋಳಜ್ಞರ ಲೆಕ್ಕ ಇದಕ್ಕೆ ತೀರ ವಿರುದ್ಧ. ಭೂಮಿಯ ಅಕ್ಷ ಸುಮಾರು ೨೩.೫ ಡಿಗ್ರಿ ಓರೆಯಾಗಿರುವುದರಿಂದಲೇ ಋತುಗಳು. ಆ ಓರೆ ಲಕ್ಷಾಂತರ ವರ್ಷಗಳ ಓಟದಲ್ಲಿ ಅಂಕೆ ಮೀರದಂತೆ ಹಿಡಿದಿರುವವನೇ ಚಂದ್ರ. ಇರಲಿ, ನಿತ್ಯವಸಂತ ಬಂದಿತೆಂದೇ ಇಟ್ಟುಕೊಳ್ಳೋಣ. ಬೇಸಗೆಯಲ್ಲಿ ನೆಲ ಕಾಯದಿದ್ದರೆ ಮುಂಗಾರು ಎಲ್ಲಿಂದ ಬಂದೀತು? ಮಳೆಗಾಲದಲ್ಲಿ ಬೆಳೆದು, ಚಳಿಗಾಲದ ಬಿಸಿಲಿನಲ್ಲಿ ಒಣಗಿ, ನೆರಿಗೆಗಟ್ಟಿ ಕೆಂಪೇರುವ ಬ್ಯಾಡಗಿಯ ಮೆಣಸಿನಕಾಯಿಗೆ ವಸಂತವೊಂದೇ ಸಾಲದು. ಋತುಗಳನ್ನು ಶಾಪವೆಂದು ಬಗೆದವರು ಮಳೆ ನೆಚ್ಚಿದ ರೈತನನ್ನು ಒಂದು ಮಾತು ಕೇಳಬಹುದಾಗಿತ್ತು.

ಎರಡನೆಯ ಯೋಜನೆ ಇಷ್ಟು ಕ್ರೂರವಾದುದಲ್ಲ. ಚಂದ್ರನು ನೋಡಲು ಬೆಳ್ಳಗಿದ್ದರೂ ಅವನ ನೆಲ ನಮ್ಮ ಎರೆಹೊಲದಂತೆ ಕಪ್ಪುಗೂಡಿದ್ದೇ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ೧೨ ಪಾಲನ್ನು ಮಾತ್ರ ಅವನು ಹಿಂತಿರುಗಿಸುತ್ತಾನೆ. ಆ ಮೈಯನ್ನು ನುಣುಪುಗೊಳಿಸಿ ಬೆಳಕು ಹೆಚ್ಚಿಸಿದರೆ ಬೀದಿದೀಪಗಳ ವಿದ್ಯುತ್ತು ಉಳಿದೀತೆಂದು ೨೦೧೬ರಲ್ಲಿ ಸ್ವೀಡನ್ನಿನ ಸೌಂದರ್ಯಸಾಧನಗಳ ಕಂಪನಿಯೊಂದು ಸೂಚಿಸಿತು. ಮುಖಕ್ಕೆ ಹೊಳಪು ಮಾರುವವರ ಕಣ್ಣು ಚಂದ್ರನ ಮುಖದ ಮೇಲೆ ಬಿದ್ದದ್ದು ಸಹಜವೇ. ಆದರೆ ನಮಗೆ ಕಾಣುವ ಆ ಮುಖದ ವಿಸ್ತೀರ್ಣ ಸುಮಾರು ೧.೯ ಕೋಟಿ ಚದರ ಕಿಲೋಮೀಟರು. ಅಂದರೆ ನೂರು ಕರ್ನಾಟಕಗಳಷ್ಟು. ಹಬ್ಬಕ್ಕೆ ಮನೆಯ ನಾಲ್ಕು ಗೋಡೆಗೆ ಸುಣ್ಣ ಬಳಿದು ಸೊಂಟ ಹಿಡಿದುಕೊಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದನ್ನು ಓದುವಾಗ ನಗು ಅರ್ಧಕ್ಕೆ ನಿಲ್ಲುತ್ತದೆ. ೧೯೫೭ರಲ್ಲಿ ಸೋವಿಯತ್ ರಷ್ಯ ಸ್ಪುಟ್ನಿಕ್ ಹಾರಿಸಿದ ಮರುವರ್ಷ, ಚಂದ್ರನ ಮೇಲೆ ಅಣ್ವಸ್ತ್ರ ಸಿಡಿಸಿ ಅದರ ಮಿಂಚನ್ನು ಭೂಲೋಕಕ್ಕೆಲ್ಲ ತೋರಿಸಬಹುದೇ ಎಂದು ಅಮೆರಿಕದ ವಾಯುಪಡೆ ಗುಟ್ಟಾಗಿ ಅಧ್ಯಯನ ನಡೆಯಿಸಿತು. ಮುಂದೆ ವಿಶ್ವವಿಖ್ಯಾತರಾದ ಕಾರ್ಲ್ ಸೇಗನ್ನರೂ ತರುಣ ವಿಜ್ಞಾನಿಯಾಗಿ ಅದರಲ್ಲಿ ದುಡಿದಿದ್ದರು. ಯೋಜನೆ ಕೈಗೂಡಲಿಲ್ಲ, ಅದರ ನೇತೃತ್ವ ವಹಿಸಿದ್ದ ಲಿಯೊನಾರ್ಡ್ ರೈಫೆಲ್ ೨೦೦೦ದಲ್ಲಿ ಬಾಯಿಬಿಟ್ಟರು. ಹುಚ್ಚು ಆಲೋಚನೆಗಳು ಹುಚ್ಚರ ತಲೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಕಚೇರಿಯ ಕಡತಗಳಲ್ಲಿಯೂ ಹುಟ್ಟಬಲ್ಲವು.

ಈ ಮೂರು ಯೋಜನೆಗಳಿಗೂ ಬುಡದಲ್ಲಿರುವುದು ಒಂದೇ ನಂಬಿಕೆ: ಯಾರಿಗೂ ಕಂದಾಯ ಕೊಡದ ನೆಲ ಬೀಳು, ಬೀಳು ಬಿದ್ದದ್ದನ್ನು ಯಾರು ಹೇಗೆ ತಿದ್ದಿದರೂ ತಪ್ಪಿಲ್ಲ. ಇದು ಪರದೇಶದವರ ದೋಷವೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ರಾಣೇಬೆನ್ನೂರಿನ ಮಗ್ಗುಲಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಅಲ್ಲಿಯ ಕುರುಚಲು ಬಯಲು ಕೃಷ್ಣಮೃಗಗಳ ತವರು. ೧೯೭೪ರಲ್ಲಿ ೧೧೯ ಚದರ ಕಿಲೋಮೀಟರಿನ ಅಭಯಾರಣ್ಯವೆಂದು ಸಾರಲ್ಪಟ್ಟದ್ದು. ಬಯಲಿನಲ್ಲಿ ಓಡಿ, ದೂರಕ್ಕೆ ಕಣ್ಣು ಹಾಯಿಸಿ ಬದುಕುವ ಪ್ರಾಣಿಗೆ ಬೇಕಾದದ್ದು ಹುಲ್ಲು ಮತ್ತು ತೆರವು. ಆದರೆ ಮರವಿಲ್ಲದ ನೆಲ ಬರಡೆಂದು ಬಗೆದ ನಾವು ಅದರ ಬಹುಭಾಗದಲ್ಲಿ ನೀಲಗಿರಿಯ ನೆಡುತೋಪು ಎಬ್ಬಿಸಿದೆವು. ಒಂದು ಕಾಲಕ್ಕೆ ಇದೇ ಬಯಲಿನ ಹೆಮ್ಮೆಯಾಗಿದ್ದ, ನಮ್ಮ ಕಡೆ ಎರೆಭೂತವೆಂದು ಕರೆಯಿಸಿಕೊಂಡ ಹೆಬ್ಬಕ ಪಕ್ಷಿ ಇಂದು ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ನೀಲಗಿರಿಯೊಂದೇ ಅದಕ್ಕೆ ಕಾರಣವಲ್ಲ; ಬೀಳು ಎಂಬ ಶಬ್ದ ಮಾತ್ರ ಎಲ್ಲ ಕಾರಣಗಳ ಹಿಂದೆಯೂ ಇತ್ತು.

ರಾಣೇಬೆನ್ನೂರಿನಿಂದ ಅದೇ ಹೆದ್ದಾರಿ ಹಿಡಿದು ದಾವಣಗೆರೆ ದಾಟಿ ಚಿತ್ರದುರ್ಗದ ಸೀಮೆಗೆ ಹೋದರೆ ಇನ್ನೂ ವಿಚಿತ್ರವಾದ ನೋಟ. ಚಳ್ಳಕೆರೆಯ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ನಮ್ಮ ಬಾಹ್ಯಾಕಾಶ ಸಂಸ್ಥೆಯವರು ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿಸಿದರು. ಅವುಗಳ ಮೇಲೆ ವಿಮಾನ ಹಾರಿಸಿ, ಚಂದ್ರಯಾನದ ನೌಕೆ ಇಳಿಯುವ ಜಾಗವನ್ನು ಗುರುತಿಸುವ ಉಪಕರಣಗಳನ್ನು ಪರೀಕ್ಷಿಸಿದರು. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ನೌಕೆ ಮೆಲ್ಲನೆ ಇಳಿದಾಗ ನಾವೆಲ್ಲರೂ ಹಿಗ್ಗಿದೆವು, ಹಿಗ್ಗತಕ್ಕದ್ದೇ. ಆದರೆ ಚಳ್ಳಕೆರೆಯ ಕಾವಲುಗಳು ತಲೆತಲಾಂತರದಿಂದ ದನಕುರಿ ಮೇಯುತ್ತ ಬಂದ ಅಮೃತಮಹಲ್ ಹುಲ್ಲುಗಾವಲುಗಳು. ಅವುಗಳ ಸಾವಿರಾರು ಎಕರೆ ಸಂಶೋಧನೆ, ರಕ್ಷಣೆಗಳ ಸಂಸ್ಥೆಗಳ ಪಾಲಾದಾಗ ಹಳ್ಳಿಗರು ತಕರಾರು ತೆಗೆದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಟ್ಟೆ ಏರಿತು. ವಿಜ್ಞಾನ ಬೇಡವೆಂದು ಆ ಜನ ಹೇಳಲಿಲ್ಲ. ತಮ್ಮನ್ನು ಮೊದಲು ಕೇಳಬೇಕಾಗಿತ್ತೆಂದರು.

ಚಂದ್ರನ ವಿಷಯದಲ್ಲಿ ಕೇಳತಕ್ಕವರು ಯಾರು? ಅಲ್ಲಿ ಕುರುಬನಿಲ್ಲ, ಕುರಿಯಿಲ್ಲ. ಆದರೂ ಅವನು ಎಲ್ಲರ ಕಣ್ಣಿಗೂ ಸೇರಿದವನು. ಯಾವ ರಾಷ್ಟ್ರವೂ ಅವನನ್ನು ತನ್ನದೆನ್ನಬಾರದೆಂದು ೧೯೬೭ರ ಬಾಹ್ಯಾಕಾಶ ಒಪ್ಪಂದ ವಿಧಿಸಿತು. ಅಲ್ಲಿಯ ಪರಿಸರದ ಸಮತೋಲ ಕೆಡದಂತೆ ನೋಡಿಕೊಳ್ಳಬೇಕೆಂದು ಇನ್ನೂ ಸ್ಪಷ್ಟವಾಗಿ ನುಡಿದದ್ದು ೧೯೭೯ರ ಚಂದ್ರ ಒಪ್ಪಂದ. ಭಾರತ ೧೯೮೨ರಲ್ಲಿ ಅದಕ್ಕೆ ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ. ೨೦೨೩ರಲ್ಲಿ ಅಮೆರಿಕದ ಮುಂದಾಳುತನದ ಆರ್ಟೆಮಿಸ್ ಒಡಂಬಡಿಕೆಗೂ ಸಹಿ ಹಾಕಿತು. ಚಂದ್ರನ ಒಡಲಿನ ಸಂಪತ್ತನ್ನು ತೆಗೆದು ಬಳಸಲು ಅದರಲ್ಲಿ ಅವಕಾಶವಿದೆ. ಈ ಎರಡು ಸಹಿಗಳಲ್ಲಿ ನಮ್ಮ ಮನಸ್ಸು ಯಾವುದರ ಕಡೆಗಿದೆ ಎಂಬುದು ಸಂಸತ್ತಿನಲ್ಲಿ ಬಿಚ್ಚಿ ಚರ್ಚಿಸತಕ್ಕ ವಿಷಯ. ನೌಕೆ ಇಳಿಸಿ ತೋರಿಸಿದ ದೇಶದ ಮಾತಿಗೆ ಈಗ ತೂಕವಿದೆ, ತೂಕವಿದ್ದಾಗಲೇ ಮಾತಾಡಬೇಕು.

ಚಂದ್ರನನ್ನು ಮುಟ್ಟಲೇಬಾರದೆಂದು ನಾವು ಹಟ ಹಿಡಿಯುವುದಿಲ್ಲ. ೨೦೨೦ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಾಹ್ಯಾಕಾಶ ಸಂಸ್ಥೆಯೊಡಗೂಡಿ, ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಒಂದು ಬಗೆಯ ಸೂಕ್ಷ್ಮಜೀವಿ, ಗೋರಿಕಾಯಿ ಬೀಜದ ಅಂಟು ಇವುಗಳನ್ನು ಸೇರಿಸಿ ಇಟ್ಟಿಗೆ ಮಾಡಿದರು. ನಮ್ಮ ಸಂತೆಯ ಚವಳಿಕಾಯಿಯೇ ಈ ಗೋರಿಕಾಯಿ. ಇದ್ದ ಮಣ್ಣಿನಲ್ಲಿ ಒಂದು ಗೂಡು ಕಟ್ಟಿಕೊಳ್ಳುವವನ ವಿನಯ ಈ ಯತ್ನದಲ್ಲಿದೆ. ಬಾಡಿಗೆಯ ಮನೆಯನ್ನು ಕೆಡವಿ ಅಂದಗೊಳಿಸುವವನ ಅಹಂಕಾರವಿಲ್ಲ. ಬದಲಾವಣೆಯೆಲ್ಲವೂ ಅಪರಾಧವಲ್ಲ, ಇರುವುದನ್ನು ಅರಿಯುವ ಮೊದಲೇ ಬದಲಿಸುವುದು ಅಪರಾಧ.

ಸಂಸ್ಕೃತದಲ್ಲಿ ಚಂದ್ರನಿಗೆ ಮೃಗಾಂಕನೆಂಬ ಹೆಸರುಂಟು. ಜಿಂಕೆಯ ಗುರುತನ್ನು ಹೊತ್ತವನೆಂದರ್ಥ. ಸುಣ್ಣ ಬಳಿಯುವವರು ಅಳಿಸಲೆಳಸುವುದು ಅದೇ ಗುರುತನ್ನು. ಮುಗಿಲಿನ ಜಿಂಕೆಯನ್ನು ಉಳಿಸಿಕೊಳ್ಳುವ ಪಾಠ ಬೇಕಾದವರು ದೂರ ಹೋಗಬೇಕಾಗಿಲ್ಲ. ರಾಣೇಬೆನ್ನೂರಿನ ಬಯಲಿನಲ್ಲಿ ಇನ್ನೂ ಉಳಿದಿರುವ ಜಿಂಕೆಗೆ ಹುಲ್ಲನ್ನೂ ತೆರವನ್ನೂ ಬಿಟ್ಟುಕೊಟ್ಟು ಅಲ್ಲಿಂದಲೇ ಆರಂಭಿಸಬಹುದು.