ಕೋವಿಯ ದುರ್ಬೀನೂ ತಿರುಪಿನ ಲೆಕ್ಕವೂ

ಕಾಡುಹಂದಿಯ ಕಾಟವೆಂಥದೆಂದು ಮರಗೆಣಸು ನೆಟ್ಟವರಿಗೆ ನಾವು ಹೇಳಬೇಕಾಗಿಲ್ಲ. 2022ರಲ್ಲಿ ಕೇರಳ ಸರಕಾರವು ಬೆಳೆ ಕೆಡಿಸುವ ಹಂದಿಯನ್ನು ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಅಂದಿನಿಂದ ಪರವಾನಿಗೆಯ ಕೋವಿಯುಳ್ಳವರಿಗೆ ಕರೆ ಬರುತ್ತಿದೆ. ರೈಫಲ್ಲು ಇದ್ದವರು ಅದಕ್ಕೆ ದುರ್ಬೀನು ಕೂರಿಸುತ್ತಿದ್ದಾರೆ. ಕೂರಿಸಲಿ. ಆದರೆ ಗುರಿ ತಪ್ಪಿ ಗಾಯಗೊಂಡ ಹಂದಿ ಪೊದೆಯಲ್ಲಿ ಅಡಗಿದರೆ, ಬೆಳಗ್ಗೆ ಹುಲ್ಲಿಗೆ ಹೋಗುವ ಹೆಂಗಸಿನ ಪಾಡೇನು?

ದುರ್ಬೀನಿಗೆ ಎರಡು ತಿರುಪುಗಳು. ಮೇಲಿನದು ಎತ್ತರ ತಗ್ಗಿಗೆ, ಪಕ್ಕದ್ದು ಎಡಬಲಕ್ಕೆ. ಇವು ಹೊರಗಿನ ಕೊಳವೆಯೊಳಗಿರುವ ಸಣ್ಣ ಕೊಳವೆಯನ್ನು ಸರಿಸುತ್ತವೆ. ಅಳತೆ ಮಿನಿಟಿನಲ್ಲಿ, ಗಡಿಯಾರದ ಮಿನಿಟಲ್ಲ, ಒಂದು ಡಿಗ್ರಿಯ 60ನೆಯ ಪಾಲು. 100 ಮೀಟರಿನಲ್ಲಿ ಒಂದು ಮಿನಿಟೆಂದರೆ ಸುಮಾರು 2.9 ಸೆಂಟಿಮೀಟರು. ಹೆಚ್ಚಿನವುಗಳಲ್ಲಿ ತಿರುಪಿನ ಒಂದು 'ಟಿಕ್' ಕಾಲು ಮಿನಿಟು.

ಅಂಗಡಿಯವರು '60 ಮಿನಿಟು ಸರಿಯುತ್ತದೆ' ಎನ್ನುವಾಗ ಗ್ರಾಹಕರು ಮೋಸಹೋಗುವುದು ಇಲ್ಲಿಯೇ. ಅದು ಒಂದು ಕೊನೆಯಿಂದ ಇನ್ನೊಂದು ಕೊನೆಯ ವರೆಗಿನ ಲೆಕ್ಕ. ನಡುವಿನಿಂದ ಮೇಲಕ್ಕೆ ಸಿಗುವುದು 30 ಮಾತ್ರ, ಎಂದರೆ 100 ಮೀಟರಿನಲ್ಲಿ 87 ಸೆಂಟಿಮೀಟರು. ಅದಲ್ಲದೆ, ದುಂಡು ಬಾವಿಯ ಗೋಡೆಗೆ ತಾಗಿದ ಕೊಡಪಾನಕ್ಕೆ ಪಕ್ಕಕ್ಕೆ ಸರಿಯಲು ಹೇಗೆ ಎಡೆಯಿಲ್ಲವೋ, ಹಾಗೆಯೇ ಮೇಲಿನ ತಿರುಪು ಕೊನೆಮುಟ್ಟಿದರೆ ಎಡಬಲದ ಓಟವೂ ಕುಗ್ಗುತ್ತದೆ.

ನಮ್ಮ ಸ್ನೇಹಿತರೊಬ್ಬರ ತಿರುಪು ಕೊನೆಮುಟ್ಟಿ ನಿಂತಿತು. ಗುಂಡು ಇನ್ನೂ ಒಂದು ಗೇಣು ಕೆಳಗೆ! ಹೆಚ್ಚು ಬೆಲೆಯ, ಹೆಚ್ಚು ಮಿನಿಟಿನ ದುರ್ಬೀನು ಕೊಳ್ಳಿರೆಂದು ಅಂಗಡಿಯವರ ಸಲಹೆ. ನಮಗೋ ಶಾಲೆಯ ಚಾಳಿ, ಅಳತೆಪಟ್ಟಿ ತರಿಸಿದೆವು. ದುರ್ಬೀನನ್ನು ಹಿಡಿದ ಎರಡು ಬಳೆಗಳ ನಡುವೆ 10 ಸೆಂಟಿಮೀಟರು. ಹಿಂದಿನದು ಮುಂದಿನದಕ್ಕಿಂತ ಒಂದು ಮಿಲಿಮೀಟರು ತಗ್ಗು. ಏಳನೆಯ ತರಗತಿಯ ಹುಡುಗನೂ ತ್ರೈರಾಶಿ ಹಾಕಿ ಹೇಳಿಯಾನು: 100 ಮಿಲಿಮೀಟರಿಗೆ ಒಂದು ಮಿಲಿಮೀಟರಾದರೆ 100 ಮೀಟರಿಗೆ ಒಂದು ಮೀಟರು. ಮಿನಿಟಿನಲ್ಲಿ 34ಕ್ಕೂ ಮೇಲೆ. ಮೇಲಕ್ಕಿದ್ದ 30 ಮಿನಿಟನ್ನೂ ಆ ಕುಳ್ಳು ಬಳೆಯೇ ನುಂಗಿತ್ತು.

ತೋಟದಲ್ಲಿ ಹಂದಿಗೆ ಗುಂಡು ಹಾರಿಸುವುದು ಹೆಚ್ಚೆಂದರೆ 50 ಮೀಟರಿನೊಳಗೆ. ಇದಕ್ಕೆ ಯಾವ ಸಾಧಾರಣ ದುರ್ಬೀನಿನ ಓಟವೂ ಧಾರಾಳ ಸಾಕು. ದೂರದ ಸ್ಪರ್ಧೆಯವರು ಬೇಕೆಂದೇ ಹಿಂಬದಿ 20 ಮಿನಿಟಿನಷ್ಟು ಎತ್ತರವಿರುವ ಪೀಠ ಹಾಕಿಸುತ್ತಾರೆ; ಅದು ನಮಗೇಕೆ? ಮೊದಲು ತಿರುಪನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲನೆ ತಿರುಗಿಸಿ ಟಿಕ್ ಎಣಿಸಿರಿ, ಅರ್ಧಕ್ಕೆ ತನ್ನಿರಿ. ಆಮೇಲೆಯೂ ಗುಂಡು ಬಹಳ ದೂರ ಬಿದ್ದರೆ ದೋಷ ಕೂರಿಸಿದ್ದರಲ್ಲಿದೆಯೆಂದು ತಿಳಿಯಿರಿ.

ಪಂಚಾಯತುಗಳಿಗೂ ನಮ್ಮದೊಂದು ಸೂಚನೆಯಿದೆ. ಯಾರನ್ನೇ ಹಂದಿ ಹೊಡೆಯಲು ಕಳುಹಿಸುವ ಮೊದಲು, ಅನುಮತಿಯುಳ್ಳ ಗುರಿಮೈದಾನದಲ್ಲಿ ಕಾಗದಕ್ಕೆ ಮೂರು ಗುಂಡು ಹಾರಿಸಿ ತೋರಿಸಲು ಹೇಳಲಿ. ಮೂರು ತೋಟೆಯ ಬೆಲೆ ಎಷ್ಟು ಮಹಾ?

ಸ್ನೇಹಿತರು ಪೀಠವನ್ನೂ ಬಳೆಗಳನ್ನೂ ಬದಲಾಯಿಸಿದರು. ದುರ್ಬೀನು ಹಳೆಯದೇ. ಮೊನ್ನೆ ಕಾಗದದ ಮೇಲೆ ಮೂರು ತೂತುಗಳನ್ನೂ ಅಂಗೈಯಿಂದ ಮುಚ್ಚಿ ತೋರಿಸಿದರು.