ಬಂಡಿಗೆ ಕಡಾಣಿ, ಲಾರಿಗೆ ನಟ್

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಿಗೆ ಹಗಲು-ರಾತ್ರಿ ಎಂಬ ಭೇದವಿಲ್ಲ. ಸಂಕೇಶ್ವರ, ಕೊಳವಿ, ಹುಣಶ್ಯಾಳದ ಸಕ್ಕರೆ ಕಾರ್ಖಾನೆಗಳತ್ತ ಲಾರಿ, ಟ್ರ್ಯಾಕ್ಟರುಗಳ ಸಾಲೇ ಸಾಲು. ಹಿಂದೆ ಚಕ್ಕಡಿ ಹೂಡುವ ಮೊದಲು ಕಡಾಣಿ ಭದ್ರವಾಗಿದೆಯೇ ಎಂದು ಮುಟ್ಟಿ ನೋಡುವುದು ರೈತನ ರೂಢಿ. ಇಂದಿನ ಲಾರಿ, ಬಸ್ಸುಗಳ ಕಡಾಣಿಯೆಂದರೆ ಚಕ್ರದ ನಟ್‌ಗಳು. ಅವನ್ನು ಮುಟ್ಟಿ ನೋಡುವವರು ಎಷ್ಟು ಜನ?

ಟೈರು, ಡಿಸ್ಕ್ ಸೇರಿ ಲಾರಿಯ ಒಂದು ಚಕ್ರ ಸುಮಾರು 100 ಕಿಲೋ ತೂಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಳಚಿ ಹಾರಿದರೆ ಅದರ ಹೊಡೆತ, 100 ಕಿಲೋ ಮೂಟೆ ನಾಲ್ಕನೇ ಮಹಡಿಯಿಂದ ಮೈಮೇಲೆ ಬಿದ್ದಷ್ಟು. ಎದುರು ಬರುವ ಬೈಕ್ ಸವಾರನಾಗಲಿ, ಬಸ್ಸಿಗೆ ಕಾದು ನಿಂತ ಶಾಲೆಯ ಮಗುವಾಗಲಿ ಉಳಿಯುವುದು ಕಷ್ಟ.

ಬೋಲ್ಟುಗಳೇ ಲಾರಿಯ ಭಾರ ಹೊರುತ್ತವೆ ಎಂಬುದು ಹಲವರ ತಿಳಿವಳಿಕೆ. ನಿಜ ಸಂಗತಿ ಬೇರೆ. ನಟ್ ಬಿಗಿದಾಗ ಬೋಲ್ಟ್ ರಬ್ಬರಿನಂತೆ ತುಸು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುತ್ತಾ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಚಕ್ರವನ್ನು ಜಾರದಂತೆ ಕಾಯುತ್ತದೆ. ಹತ್ತು ಬೋಲ್ಟಿನ ಚಕ್ರದಲ್ಲಿ ಒಂದೊಂದು ಬೋಲ್ಟಿನ ಒತ್ತಡವೂ ಹತ್ತು ಟನ್ನಿಗೆ ಮೀರಿದ್ದು. ಆದರೆ ಬೋಲ್ಟ್ ಹಿಗ್ಗುವುದು ಎಷ್ಟು? ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು!

ಅಪಾಯ ಇರುವುದು ಇಲ್ಲಿಯೇ. ಡಿಸ್ಕ್ ಮತ್ತು ಹಬ್ ನಡುವೆ ದಪ್ಪ ಬಣ್ಣ, ತುಕ್ಕು, ಒಣಗಿದ ಎರೆಮಣ್ಣು ಇದ್ದರೆ ನಾಲ್ಕಾರು ಗುಂಡಿ ಹಾರುವಷ್ಟರಲ್ಲಿ ಅದು ಪುಡಿಯಾಗುತ್ತದೆ. ಹಾಳೆಯಷ್ಟು ಹಿಗ್ಗು ಅಲ್ಲಿಗೆ ಮುಗಿಯಿತು. ಒತ್ತಡ ತಗ್ಗಿ ಡಿಸ್ಕ್ ಅತ್ತಿತ್ತ ಸರಿದಾಡತೊಡಗುತ್ತದೆ. ಹೀಗೆ ಅಡ್ಡಡ್ಡ ಸರಿದಾಡಿದರೆ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿಯೇ ತೋರಿಸಿಕೊಟ್ಟರು.

ಹಾಗೆಂದು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರು ಹತ್ತಿ ಕುಣಿದರೆ ಭದ್ರವಾದೀತೇ? ಇಲ್ಲ. ದೊಡ್ಡ ಚಕ್ರಗಳ ನಟ್‌ಗೆ ಸಾಮಾನ್ಯವಾಗಿ ಬೇಕಾದ ಬಿಗಿ 600 ನ್ಯೂಟನ್ ಮೀಟರ್ ಆಸುಪಾಸು. ಒಂದು ಮೀಟರ್ ಹಿಡಿಕೆಯ ತುದಿಯಲ್ಲಿ 60 ಕಿಲೋ ತೂಕದವನೊಬ್ಬ ನಿಂತರೆ ಅಷ್ಟಾಯಿತು. ಮಿತಿ ಮೀರಿದರೆ ಬೋಲ್ಟ್ ಹಿಗ್ಗಿದ್ದು ಮರಳಿ ಕುಗ್ಗದು. ಮುಂದೊಂದು ದಿನ ಮುರಿಯುತ್ತದೆ.

ನಮ್ಮಂತೆಯೇ ಎಡಬದಿಯಲ್ಲಿ ವಾಹನ ನಡೆಸುವ ಜಪಾನಿನಲ್ಲಿ 2022ರ ಆರ್ಥಿಕ ವರ್ಷವೊಂದರಲ್ಲೇ ಭಾರಿ ವಾಹನಗಳ ಚಕ್ರ ಕಳಚಿದ ಸುಮಾರು 140 ಪ್ರಕರಣ ನಡೆದವು. ಹೆಚ್ಚಿನವು ಎಡಗಡೆಯ ಹಿಂದಿನ ಚಕ್ರಗಳು. ಬಹಳಷ್ಟು ಕಳಚಿದ್ದು ಟೈರ್ ಬದಲಿಸಿದ ಒಂದೆರಡು ತಿಂಗಳೊಳಗೆ. ಅಂದರೆ ಪಂಕ್ಚರ್ ತೆಗೆಸಿ ಹೊರಟ ಲಾರಿಯ ಮೇಲೆಯೇ ಹೆಚ್ಚು ನಿಗಾ ಬೇಕು.

ಮಾಡಬೇಕಾದ್ದು ದೊಡ್ಡದೇನಲ್ಲ. ಚಕ್ರ ಕೂರಿಸುವ ಮೊದಲು ಡಿಸ್ಕ್, ಹಬ್ ಎರಡನ್ನೂ ಉಜ್ಜಿ ಒರೆಸಬೇಕು. ನಟ್‌ಗಳನ್ನು ಒಂದರ ಪಕ್ಕ ಒಂದರಂತಲ್ಲ, ಎದುರು-ಬದುರಾಗಿ ಬಿಗಿಯಬೇಕು. ಕೊನೆಯ ಬಿಗಿ, ಕಂಪನಿಯ ಕೈಪಿಡಿ ಹೇಳಿದಷ್ಟು, ಅಳತೆ ತೋರಿಸುವ ಟಾರ್ಕ್ ಪಾನಾದಿಂದ. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ನಟ್ ಮತ್ತು ಡಿಸ್ಕ್ ಸೇರುವಲ್ಲಿ ಹಳದಿ ಬಣ್ಣದ ಒಂದು ಗೆರೆ ಎಳೆದರೆ, ನಟ್ ತಿರುಗಿದ ಕೂಡಲೇ ಗೆರೆ ತುಂಡಾಗಿ ಕಾಣುತ್ತದೆ. ನಟ್ ಬುಡದಿಂದ ತುಕ್ಕಿನ ಕೆಂಪು ಗೀರು ಇಳಿದಿದ್ದರೂ ಅದು ಸಡಿಲಿನ ಸೂಚನೆ. ಆಗ ಬರೀ ಬಿಗಿದು ಹೊರಡಬಾರದು. ಚಕ್ರ ಬಿಚ್ಚಿ ಬೋಲ್ಟು, ತೂತುಗಳನ್ನು ಪರೀಕ್ಷಿಸಬೇಕು.

ಕಾರ್ಖಾನೆಯ ಅಂಗಳದಲ್ಲಿ ಪಾಳಿಗಾಗಿ ಲಾರಿಗಳು ತಾಸುಗಟ್ಟಲೆ ನಿಲ್ಲುತ್ತವೆ. ಎಲ್ಲ ಚಕ್ರಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಲು ಐದು ನಿಮಿಷ ಸಾಕು. ದಾರಿಹೋಕರ ಜೀವ ಆ ಐದು ನಿಮಿಷದಲ್ಲಿದೆ.