ಅಚ್ಚು ಎಂದರೆ ನಕಲಲ್ಲ

"ಅಚ್ಚಿನ ಚಿತ್ರಕ್ಕೆ ಇಷ್ಟು ಬೆಲೆಯೇ? ಒಂದರಂತೆ ಹತ್ತು ತೆಗೆಯಬಹುದಲ್ಲ!" ಎಂಬ ಮಾತನ್ನು ಓದಿಕೊಂಡವರ ಬಾಯಿಂದಲೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಈ ತಾತ್ಸಾರವನ್ನು ನಾನು ಒಪ್ಪಲಾರೆ. ಹತ್ತು ಪ್ರತಿ ಇದ್ದ ಮಾತ್ರಕ್ಕೆ ಕೃತಿ ಹಗುರವಾಗುವುದಾದರೆ ನಮ್ಮ ಕಪಾಟಿನ ಪುಸ್ತಕಗಳೆಲ್ಲ ರದ್ದಿಯೇ ಸರಿ.

ಸೋಮನಾಥ ಹೋರ್ ಅವರನ್ನು ನೋಡಿ. 1921ರಲ್ಲಿ ಇಂದಿನ ಬಾಂಗ್ಲಾದೇಶದ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದವರು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು, ಹಸಿದವರನ್ನೂ ಸಾಯುತ್ತಿದ್ದವರನ್ನೂ ರೇಖೆಗಳಲ್ಲಿ ಹಿಡಿದವರು. ಆ ಕ್ಷಾಮಕ್ಕೆ ಬಲಿಯಾದವರು 20ರಿಂದ 30 ಲಕ್ಷವೆಂದು ಅಂದಾಜು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಮುದ್ರಣಕಲೆಯನ್ನು ಕಲಿಸಿದರು. ಕ್ಷಾಮ ಕಳೆದು ಸುಮಾರು ಮೂರು ದಶಕಗಳಾದ ಮೇಲೆ, 1970ರ ದಶಕದಲ್ಲಿ, 'ಗಾಯಗಳು' ಎಂಬ ಮಾಲಿಕೆಯನ್ನು ರಚಿಸಿದರು. ಬಿಳಿಯ ಹಾಳೆ, ಅದರ ಮೇಲೆ ಬಿಳಿಯವೇ ಆದ ಸೀಳುಗಳು, ಉಬ್ಬುತಗ್ಗುಗಳು.

ಅವನ್ನು ಮಾಡಿದ ಬಗೆಯೇ ನನ್ನ ವಾದಕ್ಕೆ ಆಧಾರ. ಮೊದಲು ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದ ಕೊಯ್ದು, ಕಾದ ಕಂಬಿಯಿಂದ ಚುಚ್ಚಿ ಗಾಯಗೊಳಿಸುವುದು. ಅದರಿಂದ ಸಿಮೆಂಟಿನ ಅಚ್ಚನ್ನು ಎರಕ ತೆಗೆಯುವುದು. ಆ ಅಚ್ಚಿನೊಳಗೆ ಕಾಗದದ ತಿರುಳನ್ನು ಒತ್ತಿ ಒಣಗಿಸುವುದು. ಕೊಯ್ದ ಚಾಕು ಕಾಗದವನ್ನು ಮುಟ್ಟಿಯೇ ಇಲ್ಲ. ಆದರೂ ಕೊಯ್ತ ಕಾಗದದಲ್ಲಿದೆ. ಹಳೆಯ ನೋವು ಪದರ ಪದರಗಳನ್ನು ದಾಟಿ ನಮ್ಮೊಳಗೆ ಉಳಿಯುವುದೂ ಹೀಗೆಯೇ ಅಲ್ಲವೇ? "ನೇರವಾಗಿ ಕುಂಚದಿಂದ ಬಿಡಿಸಬಹುದಿತ್ತಲ್ಲ" ಎನ್ನುವವರಿಗೆ ಹೇಳುತ್ತೇನೆ: ಕುಂಚ ಗಾಯವನ್ನು ತೋರಿಸಬಲ್ಲದು; ಇಲ್ಲಿ ಹಾಳೆಯೇ ಗಾಯಗೊಂಡಂತಿದೆ. ಮಾಸಿದ ಗಾಯದ ಗುರುತಿಗೂ ಚಿತ್ರ-ಶಿಲ್ಪಗಳಿಗೂ 'ಕಲೆ' ಎಂಬ ಒಂದೇ ಪದವಿರುವ ನುಡಿ ನಮ್ಮದು. ನಮಗೆ ಇದು ಅರ್ಥವಾಗದಿದ್ದರೆ ಇನ್ನಾರಿಗೆ ಆದೀತು!

ಗೊಂದಲಕ್ಕೆ ವ್ಯಾಪಾರಿಗಳೂ ಕಾರಣರು. ತೈಲಚಿತ್ರವೊಂದರ ಫೋಟೊ ತೆಗೆದು, ಯಂತ್ರದಲ್ಲಿ ಅಚ್ಚು ಹಾಕಿ, ಕೆಳಗೊಂದು ಸಹಿ ಮಾಡಿಸಿ 'ಪ್ರಿಂಟ್' ಎಂದು ಮಾರುತ್ತಾರೆ. ಅದು ನಕಲು, ನಿಜ. ಆದರೆ ಕಲಾವಿದನೇ ಕೊರೆದ ಅಚ್ಚಿನಿಂದ ಹುಟ್ಟಿದ ಹಾಳೆಗೆ ಬೇರೊಂದು ಮೂಲವೇ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ 3/10 ಎಂದಿದ್ದರೆ ಆ ಹತ್ತೂ ಮೂಲಗಳೇ. (ಬೆಂಡೆಕಾಯಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಪಟ್ಟಿಯ ಮೇಲೆ ಒತ್ತಿದವರಲ್ಲವೇ ನೀವೆಲ್ಲ? ಅದರಲ್ಲಿ ಯಾವ ಹೂವು ಅಸಲು, ಯಾವುದು ನಕಲು?)

ದೆಹಲಿಯಲ್ಲಿರುವ ನನ್ನ ವಿದ್ಯಾರ್ಥಿಗಳು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋದಾಗ ಹೋರ್ ಅವರ ಈ ಹಾಳೆಗಳು ಪ್ರದರ್ಶನದಲ್ಲಿವೆಯೇ ಎಂದು ವಿಚಾರಿಸಿ. ಇದ್ದರೆ, ಎದುರಿಗಲ್ಲ, ತುಸು ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಿ. ಇಲ್ಲವಾದರೆ ಖಾಲಿ ಕಾಗದವೆಂದು ಮುಂದೆ ಹೋಗಿಬಿಡುತ್ತೀರಿ.